ಹಳೆಯ ಬ್ಯಾಟರಿಯ ಪಥ್ಯ, ಹೊಸ ಬ್ಯಾಟರಿಗೆ

ಟ್ರಾನ್ಸಿಸ್ಟರ್ ರೇಡಿಯೊ ಮತ್ತು ಟಾರ್ಚುಗಳ ಕಾಲವನ್ನು ಕಂಡವರಿಗೆ ಈ ದೃಶ್ಯ ಪರಿಚಿತ. ಟಾರ್ಚಿನ ಬೆಳಕು ಮಂಕಾಗಿ ಹಳದಿಗೆ ತಿರುಗಿತೆಂದರೆ ಶೆಲ್ಲುಗಳನ್ನು ಹೊರತೆಗೆದು, ಅಂಗಳದಲ್ಲಿ ಹಪ್ಪಳ ಸಂಡಿಗೆಗಳ ಪಕ್ಕದಲ್ಲೇ ಬಿಸಿಲಿಗೆ ಇಡುತ್ತಿದ್ದರು. ಸಂಜೆ ಅವನ್ನೇ ಮತ್ತೆ ತುಂಬಿದರೆ ಟಾರ್ಚು ಇನ್ನೂ ಒಂದೆರಡು ರಾತ್ರಿ ಗದ್ದೆಗೆ ನೀರು ಕಟ್ಟಿ ಬರುವಷ್ಟು ಬೆಳಕು ಕೊಡುತ್ತಿತ್ತು. ಓದಿದವರು ಇದನ್ನು ಕಂಡು ನಗುತ್ತಿದ್ದುದುಂಟು. ಆದರೆ ನಗುವಂಥದ್ದೇನೂ ಅದರಲ್ಲಿ ಇರಲಿಲ್ಲ. ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ 1866ರಲ್ಲಿ ರೂಪಿಸಿದ ವಿದ್ಯುತ್ಕೋಶದ ಒಣ ಸಂತತಿಯೇ ಈ ಶೆಲ್. ಸತುವಿನ ಡಬ್ಬಿ, ನಡುವೆ ಇಂಗಾಲದ ಕಡ್ಡಿ, ಅದರ ಸುತ್ತ ಕಪ್ಪು ಮ್ಯಾಂಗನೀಸ್ ಡೈಆಕ್ಸೈಡ್, ಜೊತೆಗೆ ಒದ್ದೆ ಹಿಟ್ಟಿನಂತಹ ಲವಣ. ಬಳಸುತ್ತ ಹೋದಂತೆ ಈ ಹಿಟ್ಟಿನೊಳಗೆ ಅಯಾನುಗಳ ಓಡಾಟ ಕುಂಟತೊಡಗುತ್ತದೆ. ಬಿಸಿ ತಾಗಿದರೆ ಅವು ಮತ್ತೆ ಚುರುಕಾಗಿ, ಮೂಲೆಯಲ್ಲಿ ಉಳಿದ ಕಸುವನ್ನೂ ಹೊರಗೆ ತರುತ್ತವೆ. ರಸಾಯನಶಾಸ್ತ್ರದ ಗಂಧವಿಲ್ಲದೆಯೇ ನಮ್ಮ ಹಿರಿಯರು ಆ ಕೋಶದ ಸ್ವಭಾವವನ್ನು ಸರಿಯಾಗಿ ಹಿಡಿದಿದ್ದರು.

ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಯಾರೂ ಬಿಸಿಲಿಗೆ ಒಣಗಿಸುವುದಿಲ್ಲ. ಆದರೆ ಅದಕ್ಕೂ ಮನೆಮನೆಯಲ್ಲಿ ಒಂದು ಪಥ್ಯವಿದೆ. "ಮೊದಲ ದಿನ ಎಂಟು ಗಂಟೆ ಬಿಡದೆ ಚಾರ್ಜಿಗೆ ಹಾಕಿ. ಆಮೇಲೆ ಪೂರ್ತಿ ಖಾಲಿಯಾಗುವ ತನಕ ಮತ್ತೆ ಹಾಕಬೇಡಿ, ಇಲ್ಲದಿದ್ದರೆ ಬ್ಯಾಟರಿ ಹಾಳಾಗುತ್ತದೆ" ಎಂದು ಅಂಗಡಿಯವರು ಹೇಳಿ ಕಳಿಸುತ್ತಾರೆ. ನಾನು ಕೊಂಡ ಮೊದಲ ಲ್ಯಾಪ್‌ಟಾಪಿಗೂ ಈ ಉಪದೇಶ ಉಚಿತವಾಗಿ ಸಿಕ್ಕಿತ್ತು. ಎರಡು ವರ್ಷ ನಿಷ್ಠೆಯಿಂದ ಪಾಲಿಸಿದೆ. ಕೊನೆಗೆ ಮುಕ್ಕಾಲು ಗಂಟೆಗೇ ಉಸಿರು ಬಿಡುವ ಬ್ಯಾಟರಿಯೊಂದು ಕೈಯಲ್ಲಿ ಉಳಿಯಿತು. ಉಪದೇಶ ಸುಳ್ಳಾಗಿತ್ತೆ ಎಂದು ಹುಡುಕುತ್ತ ಹೋದಾಗ ತಿಳಿದದ್ದು ವಿಚಿತ್ರವಾದ ಸಂಗತಿ. ಆ ಉಪದೇಶ ಸುಳ್ಳಲ್ಲ; ಒಂದು ಕಾಲಕ್ಕೆ, ಬೇರೊಂದು ಬ್ಯಾಟರಿಗೆ, ಅಕ್ಷರಶಃ ನಿಜವಾಗಿತ್ತು. ಬ್ಯಾಟರಿ ಕಾಲವಾಗಿ ಹೋದರೂ ಅದರ ಪಥ್ಯ ಮಾತ್ರ ಬದುಕಿ ಉಳಿದು, ಹೊಸದಾಗಿ ಬಂದ ಬ್ಯಾಟರಿಯ ಕೊರಳಿಗೆ ಬಿದ್ದಿತ್ತು.

ಮರಳಿ ಮರಳಿ ತುಂಬಬಹುದಾದ ಬ್ಯಾಟರಿಗಳಲ್ಲಿ ಮೊದಲು ಬಳಕೆಗೆ ನಿಂತದ್ದು ಸೀಸದ್ದು. ಅಲೆಸ್ಸಾಂಡ್ರೊ ವೋಲ್ಟಾ 1800ರಲ್ಲಿ ಲೋಹದ ಬಿಲ್ಲೆಗಳನ್ನೂ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನೂ ಒಂದರ ಮೇಲೊಂದು ಪೇರಿಸಿ ಎಡೆಬಿಡದ ವಿದ್ಯುತ್ ಪ್ರವಾಹ ಪಡೆದದ್ದು ಸರ್ವವಿದಿತ. ಅದು ತೀರಿದರೆ ತೀರಿತು. 1859ರಲ್ಲಿ ಫ್ರೆಂಚ್ ವಿಜ್ಞಾನಿ ಗಾಸ್ತೋನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ತಮ್ಮೊಳಗೆ ತಾಗದಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿ, ಹೊರಗಿನಿಂದ ವಿದ್ಯುತ್ ಹರಿಸಿದ. ಆ ವಿದ್ಯುತ್ತನ್ನು ಸುರುಳಿ ಹಿಡಿದಿಟ್ಟುಕೊಂಡು ಬೇಕಾದಾಗ ಮರಳಿ ಕೊಟ್ಟಿತು. ಹಾಳೆಗಳು ಹದಕ್ಕೆ ಬರಲು ತಿಂಗಳುಗಟ್ಟಲೆ ತುಂಬಿ, ಖಾಲಿ ಮಾಡಿ, ಮತ್ತೆ ತುಂಬಬೇಕಾಗುತ್ತಿತ್ತು. 1881ರಲ್ಲಿ ಕಮೀಲ್ ಫೋರ್ ಎಂಬಾತ ಸೀಸದ ಆಕ್ಸೈಡಿನ ಲೇಪ ಹಚ್ಚಿದ ಫಲಕಗಳನ್ನು ಮಾಡಿ ಈ ತಾಪತ್ರಯವನ್ನು ತಪ್ಪಿಸಿದ. ಅಲ್ಲಿಂದ ಮುಂದೆ ಸೀಸದ ಬ್ಯಾಟರಿ ಲೋಕದ ಕೆಲಸಕ್ಕೆ ನಿಂತಿತು.

ಈ ಬ್ಯಾಟರಿಯ ಸ್ವಭಾವ ಒಂದೇ ಮಾತಿನಲ್ಲಿ ಹೇಳುವಂಥದ್ದು: ಹಸಿವನ್ನು ತಾಳದು. ವಿದ್ಯುತ್ ಕೊಡುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗನೆ ಚಾರ್ಜ್ ಮಾಡಿದರೆ ಅದು ಕರಗಿ ಮೊದಲಿನ ಸ್ಥಿತಿಗೆ ಮರಳುತ್ತದೆ. ಖಾಲಿಯಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಸಲ್ಫೇಟಿನ ಸಣ್ಣ ಹರಳುಗಳು ಬೆಳೆದು ಗಟ್ಟಿಯಾಗುತ್ತವೆ. ಆಮೇಲೆ ಎಷ್ಟು ವಿದ್ಯುತ್ ಹರಿಸಿದರೂ ಜಗ್ಗುವುದಿಲ್ಲ. ಹಾಗಾಗಿ ಸೀಸದ ಬ್ಯಾಟರಿಗೆ ಬರೆದ ಪಥ್ಯ: ಸದಾ ಹೊಟ್ಟೆ ತುಂಬಿರಲಿ, ಬಳಸಿದ ಕೂಡಲೇ ತುಂಬು. ಹೆಚ್ಚು ತುಂಬಿದರೆ ನೀರು ಒಡೆದು ಜಲಜನಕ, ಆಮ್ಲಜನಕಗಳಾಗಿ ಹಾರಿಹೋಗುತ್ತದೆ. ಆದ್ದರಿಂದ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕು.

ಇದನ್ನು ನೋಡಿಕೊಳ್ಳುವುದೇ ಒಂದು ಉದ್ಯೋಗವಾಗಿತ್ತು. ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಬ್ಯಾಟರಿಗಳಿಗೆಂದೇ ಪ್ರತ್ಯೇಕ ಕೋಣೆ. ಗಾಜಿನ ತೊಟ್ಟಿಗಳಲ್ಲಿ ಸಾಲಾಗಿ ನಿಂತ ಫಲಕಗಳು, ಮೂಗಿಗೆ ಅಡರುವ ಆಮ್ಲದ ವಾಸನೆ. ರೈಲಿನ ಬೋಗಿಯ ಕೆಳಗೆ ಬ್ಯಾಟರಿ ಪೆಟ್ಟಿಗೆ ಇರುತ್ತಿತ್ತು. ಗಾಲಿಯ ಅಚ್ಚಿನಿಂದ ತಿರುಗುವ ಡೈನಮೊ ಅದನ್ನು ತುಂಬಿದರೆ, ರೈಲು ನಿಂತಾಗ ದೀಪ ಫ್ಯಾನುಗಳಿಗೆ ಅದೇ ಗತಿ. ಹೈಡ್ರೊಮೀಟರಿನ ಗಾಜಿನ ಕೊಳವೆಗೆ ಆಮ್ಲವನ್ನು ಎಳೆದು, ಒಳಗಿನ ಬುರುಡೆ ಎಷ್ಟು ತೇಲುತ್ತದೆಂದು ನೋಡಿಯೇ ಅನುಭವಸ್ಥರು ಬ್ಯಾಟರಿಯ ನಾಡಿ ಹಿಡಿಯುತ್ತಿದ್ದರು. ನಮ್ಮ ಮನೆಗಳ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಲು ಬರುವವರು ಬಹುಮಟ್ಟಿಗೆ ಅದೇ ವಿದ್ಯೆಯ ವಾರಸುದಾರರು.

ಎರಡನೆಯ ವಂಶ ನಿಕ್ಕೆಲ್ಲಿನದು. ಸ್ವೀಡನ್ನಿನ ವಾಲ್ಡೆಮಾರ್ ಯೂಂಗ್ನರ್ 1899ರಲ್ಲಿ ನಿಕ್ಕೆಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ರೂಪಿಸಿದ. ಅದರ ಬೆನ್ನಿಗೇ ಅಮೆರಿಕದಲ್ಲಿ ಥಾಮಸ್ ಎಡಿಸನ್ ವಿದ್ಯುತ್ ಕಾರುಗಳಿಗಾಗಿ ನಿಕ್ಕೆಲ್-ಕಬ್ಬಿಣದ ಬ್ಯಾಟರಿಯ ಹಿಂದೆ ಬಿದ್ದ. ಎಡಿಸನ್ನನ ಬ್ಯಾಟರಿ ತೂಕದ್ದು, ದುಬಾರಿಯದ್ದು, ಆದರೆ ಯಾವ ಅನಾದರವನ್ನೂ ಸಹಿಸಿಕೊಂಡು ದಶಕಗಟ್ಟಲೆ ಬಾಳುವಂಥದ್ದು. ಜನ ಅದನ್ನು ಕೈಬಿಟ್ಟರು; ಬಾಳಿಕೆಯನ್ನು ನೋಡಿ ವಸ್ತು ಕೊಳ್ಳುವವರು ಅಂದೂ ಕಡಿಮೆಯೇ ಇದ್ದರೇನೋ. ನಿಕ್ಕೆಲ್-ಕ್ಯಾಡ್ಮಿಯಂಗೆ ಅದೃಷ್ಟ ಖುಲಾಯಿಸಿದ್ದು 1947ರ ನಂತರ. ಚಾರ್ಜಾಗುವಾಗ ಹುಟ್ಟುವ ಅನಿಲವನ್ನು ಕೋಶದೊಳಗೇ ಇಂಗಿಸಿ, ಪೂರ್ತಿ ಮುಚ್ಚಿದ ಕೋಶ ಮಾಡುವುದು ಆಗ ಸಾಧ್ಯವಾಯಿತು. ನೀರು ಹಾಕುವ ಗೋಜಿಲ್ಲ, ಆಮ್ಲ ಚೆಲ್ಲುವ ಭಯವಿಲ್ಲ. ಶೇವರಿನಿಂದ ಉಪಗ್ರಹದವರೆಗೆ ಅದು ಎಲ್ಲೆಡೆ ಹೊಕ್ಕಿತು.

ನಮ್ಮ ಅಂಗಡಿಯವರ ಉಪದೇಶದ ಮೂಲವನ್ನು ಹುಡುಕುತ್ತ ಹೋದರೆ ಭೂಮಿಯಿಂದ ನೂರಾರು ಕಿಲೋಮೀಟರ್ ಮೇಲಕ್ಕೆ ಹೋಗಬೇಕಾಗುತ್ತದೆ. ಕೆಳಗಿನ ಕಕ್ಷೆಯ ಉಪಗ್ರಹ ಸುಮಾರು ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಬಿಸಿಲಿನಲ್ಲಿರುವಾಗ ಸೌರಫಲಕ ಬ್ಯಾಟರಿಯನ್ನು ತುಂಬುತ್ತದೆ. ಭೂಮಿಯ ನೆರಳಿಗೆ ಹೊಕ್ಕಾಗ ಬ್ಯಾಟರಿಯೇ ಯಂತ್ರಗಳನ್ನು ಸಲಹಬೇಕು. ಪ್ರತಿ ಸುತ್ತಿನಲ್ಲೂ ಅಷ್ಟೇ ಹೊತ್ತು ನೆರಳು, ಅಷ್ಟೇ ಖರ್ಚು. ಗಡಿಯಾರದಷ್ಟು ಕರಾರುವಾಕ್ಕಾಗಿ ಸಾವಿರಾರು ಬಾರಿ ಒಂದೇ ಮಟ್ಟಕ್ಕೆ ಇಳಿದು ಏರಿದ ನಿಕ್ಕೆಲ್-ಕ್ಯಾಡ್ಮಿಯಂ ಕೋಶಗಳು, ಆ ಮಟ್ಟವನ್ನು ದಾಟಿ ಇನ್ನಷ್ಟು ಕೊಡಬೇಕಾದಾಗ ಸೋತವು. ಅವುಗಳಲ್ಲಿ ಶಕ್ತಿ ಇತ್ತು; ಆದರೆ ವೋಲ್ಟೇಜು ಥಟ್ಟನೆ ಕುಸಿಯುತ್ತಿತ್ತು. ಹಳೆಯ ಅಭ್ಯಾಸವನ್ನು ನೆನಪಿಟ್ಟುಕೊಂಡಂತಿದ್ದ ಈ ನಡವಳಿಕೆಗೆ ಎಂಜಿನಿಯರುಗಳು 'ನೆನಪಿನ ಪರಿಣಾಮ' ಎಂದು ಹೆಸರಿಟ್ಟರು.

ಹೆಸರು ಆಕರ್ಷಕವಾಗಿತ್ತು, ಬೇಗ ನೆಲಕ್ಕಿಳಿದು ಮನೆ ಸೇರಿತು. ಮನೆಬಳಕೆಯ ಉಪಕರಣಗಳಲ್ಲಿ ಅಷ್ಟು ಕರಾರುವಾಕ್ಕಾದ ಬಳಕೆ ಎಲ್ಲಿಂದ ಬರಬೇಕು? ಅಲ್ಲಿ ಕಂಡುಬಂದ ದೌರ್ಬಲ್ಯಕ್ಕೆ ಬಹುಪಾಲು ಕಾರಣ ದಿನವಿಡೀ ಚಾರ್ಜರಿನ ಮೇಲೆ ಕೂತು ಬೆಂದದ್ದೇ. ಕ್ಯಾಡ್ಮಿಯಂನ ಹರಳುಗಳು ದೊಡ್ಡದಾಗಿ ಬೆಳೆದು, ರಸಾಯನ ಕ್ರಿಯೆಗೆ ಸಿಗುವ ಮೇಲ್ಮೈ ಕುಗ್ಗುತ್ತಿತ್ತು. ಮದ್ದು ಮಾತ್ರ ಎರಡಕ್ಕೂ ಒಂದೇ: ಆಗಾಗ ಪೂರ್ತಿ ಖಾಲಿ ಮಾಡಿ, ಪೂರ್ತಿ ತುಂಬುವುದು. ಹೊಸ ನಿಕ್ಕೆಲ್ ಬ್ಯಾಟರಿ ಗೋದಾಮಿನಲ್ಲಿ ಕೂತಲ್ಲೇ ಬರಿದಾಗುವ ಜಾತಿಯದ್ದಾದ್ದರಿಂದ, ಮೊದಲ ಬಾರಿ ಹದಿನಾಲ್ಕು ಹದಿನಾರು ಗಂಟೆ ನಿಧಾನವಾಗಿ ಚಾರ್ಜ್ ಮಾಡಬೇಕೆಂಬ ಸಲಹೆಯೂ ಹುಟ್ಟಿತು. ಅಂಗಡಿಯವರು ಹೇಳುವ ಎಂಟು ಗಂಟೆ ಇದರ ಅರ್ಧ ಮರೆತ ರೂಪ. ನಿಕ್ಕೆಲ್ಲಿನ ಕಾಲದಲ್ಲೂ ತಿಂಗಳಿಗೊಮ್ಮೆ ಖಾಲಿ ಮಾಡಿದರೆ ಸಾಕಿತ್ತು, ದಿನವೂ ಬೇಕಿರಲಿಲ್ಲ. ಉಪದೇಶಗಳು ಬಾಯಿಂದ ಬಾಯಿಗೆ ಹೋಗುವಾಗ ಪ್ರಮಾಣ ಬಿದ್ದುಹೋಗಿ ಆಜ್ಞೆ ಮಾತ್ರ ಉಳಿಯುತ್ತದೆ.

ಈಗ ಲ್ಯಾಪ್‌ಟಾಪಿಗೆ ಬರೋಣ. 1981ರಲ್ಲಿ ಬಂದ ಆಸ್ಬೋರ್ನ್-1 ಗಣಕವನ್ನು ಹೊತ್ತೊಯ್ಯಬಹುದೆಂದು ಪ್ರಚಾರ ಮಾಡಿದರು. ತೂಕ ಸುಮಾರು ಹನ್ನೊಂದು ಕಿಲೋ; ಒಳಗೆ ಬ್ಯಾಟರಿಯೇ ಇರಲಿಲ್ಲ. ಎಲ್ಲಿಗೆ ಹೊತ್ತರೂ ಪ್ಲಗ್ಗು ಹುಡುಕಬೇಕು. ಬ್ಯಾಟರಿ ಹೊಕ್ಕ ಮೇಲೂ ಯಾವ ಲೋಹದ ಬ್ಯಾಟರಿ ಎಂಬುದು ಬಹಳ ಕಾಲ ತೀರ್ಮಾನವಾಗಲಿಲ್ಲ. ಆ್ಯಪಲ್ ಸಂಸ್ಥೆ 1989ರಲ್ಲಿ ತಂದ ಮ್ಯಾಕಿಂತೋಷ್ ಪೋರ್ಟಬಲ್ ಗಣಕದಲ್ಲಿ ಇದ್ದದ್ದು ಕಾರಿನಲ್ಲಿರುವಂತೆ ಸೀಸದ ಬ್ಯಾಟರಿ. ಇಡೀ ಯಂತ್ರ ಏಳು ಕಿಲೋಗೂ ಹೆಚ್ಚು ತೂಗುತ್ತಿತ್ತು. ಅದರ ಒಳಗಿನ ಜೋಡಣೆ ಹೇಗಿತ್ತೆಂದರೆ, ಬ್ಯಾಟರಿ ಸತ್ತರೆ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೂ ಗಣಕ ಏಳುತ್ತಿರಲಿಲ್ಲ. ಬ್ಯಾಟರಿಯ ಆರೈಕೆ ತಪ್ಪಿದರೆ ಇಡೀ ಗಣಕವೇ ಕೈಬಿಟ್ಟಂತೆ.

1991 ಈ ಚರಿತ್ರೆಯಲ್ಲಿ ಸೋಜಿಗದ ವರ್ಷ. ಆ ಅಕ್ಟೋಬರಿನಲ್ಲಿ ಆ್ಯಪಲ್ ಒಟ್ಟಿಗೇ ಮೂರು ಪವರ್‌ಬುಕ್‌ಗಳನ್ನು ಮಾರುಕಟ್ಟೆಗೆ ತಂದಿತು. ಅವುಗಳಲ್ಲಿ 100 ಎಂಬ ಮಾದರಿಯಲ್ಲಿ ಸೀಸದ ಬ್ಯಾಟರಿ. 140 ಮತ್ತು 170ರಲ್ಲಿ ನಿಕ್ಕೆಲ್-ಕ್ಯಾಡ್ಮಿಯಂ. ಒಂದೇ ಅಂಗಡಿಯ ಒಂದೇ ಮೇಜಿನ ಮೇಲೆ, ಒಂದೇ ಹೆಸರು ಹೊತ್ತು ನಿಂತ ಅಣ್ಣ ತಮ್ಮಂದಿರಲ್ಲಿ ಒಬ್ಬನನ್ನು ಎಂದೂ ಖಾಲಿ ಬಿಡಬಾರದು, ಇನ್ನೊಬ್ಬನನ್ನು ಆಗಾಗ ಖಾಲಿ ಮಾಡಲೇಬೇಕು. ಅದೇ ವರ್ಷ ಜಪಾನಿನಲ್ಲಿ ಸೋನಿ ಸಂಸ್ಥೆ ಮೂರನೆಯದೊಂದನ್ನು ಮಾರಾಟಕ್ಕೆ ಇಟ್ಟಿತು. ಅದಕ್ಕೆ ಈ ಎರಡು ಪಥ್ಯಗಳಲ್ಲಿ ಯಾವುದೂ ಒಗ್ಗುವಂತಿರಲಿಲ್ಲ.

ಅದು ಲಿಥಿಯಂ-ಅಯಾನು ಬ್ಯಾಟರಿ. ಲಿಥಿಯಂ ಲೋಹಗಳಲ್ಲೆಲ್ಲ ಹಗುರ. ಎಲೆಕ್ಟ್ರಾನನ್ನು ಬಿಟ್ಟುಕೊಡಲು ತುದಿಗಾಲಿನಲ್ಲಿ ನಿಂತಿರುವಂಥದ್ದು. ಬ್ಯಾಟರಿಗೆ ಇದಕ್ಕಿಂತ ಹೇಳಿ ಮಾಡಿಸಿದ ಲೋಹ ಇನ್ನೊಂದಿಲ್ಲ, ಹಾಗೆಯೇ ಇದಕ್ಕಿಂತ ತಂಟೆಯದ್ದೂ ಇಲ್ಲ. 1970ರ ದಶಕದ ತೈಲ ಬಿಕ್ಕಟ್ಟಿನ ಹೊತ್ತಿನಲ್ಲಿ ಅಮೆರಿಕದ ಎಕ್ಸಾನ್ ತೈಲ ಸಂಸ್ಥೆಯಲ್ಲಿದ್ದ ಬ್ರಿಟಿಷ್ ಮೂಲದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಟೈಟಾನಿಯಂ ಡೈಸಲ್ಫೈಡಿನ ಪದರಗಳ ನಡುವೆ ಲಿಥಿಯಂ ಅಯಾನುಗಳು ನುಸುಳಿ ಮರಳಿ ಬರಬಲ್ಲವೆಂದು ತೋರಿಸಿದರು. ಇನ್ನೊಂದು ಬದಿಯಲ್ಲಿ ಅಪ್ಪಟ ಲಿಥಿಯಂ ಲೋಹ. ಬ್ಯಾಟರಿಯನ್ನು ಮತ್ತೆ ಮತ್ತೆ ತುಂಬಿದಾಗ ಆ ಲೋಹದ ಮೇಲೆ ಮೀಸೆಯಂತಹ ಎಳೆಗಳು ಚಿಗುರಿ, ಎದುರು ಬದಿಯನ್ನು ತಾಗಿದರೆ ಬೆಂಕಿ. ಪ್ರಯೋಗಾಲಯಕ್ಕೆ ಅಗ್ನಿಶಾಮಕ ದಳದವರು ಹಲವು ಬಾರಿ ಓಡಿ ಬರಬೇಕಾಯಿತು; ಲಿಥಿಯಂ ಬೆಂಕಿ ಆರಿಸಲು ಬೇಕಾದ ವಿಶೇಷ ರಾಸಾಯನಿಕಗಳ ಖರ್ಚನ್ನು ಇನ್ನು ನಿಮ್ಮಿಂದಲೇ ವಸೂಲು ಮಾಡುತ್ತೇವೆಂದು ಅವರು ಬೆದರಿಸಿದರಂತೆ.

1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಮತ್ತು ಸಂಗಡಿಗರು ಸಲ್ಫೈಡಿನ ಬದಲು ಕೋಬಾಲ್ಟ್ ಆಕ್ಸೈಡನ್ನು ಬಳಸಿ ನಾಲ್ಕು ವೋಲ್ಟುಗಳ ಕೋಶವನ್ನು ಸಾಧಿಸಿದರು. ವಿಶ್ವವಿದ್ಯಾನಿಲಯ ಅದರ ಪೇಟೆಂಟಿಗೆ ಆಸಕ್ತಿ ತೋರಲಿಲ್ಲ. ಮುಂದೆ ಲೋಕದ ಜೇಬುಗಳಿಗೆಲ್ಲ ಹೊಕ್ಕ ಆ ವಸ್ತುವಿನಿಂದ ಗುಡ್‌ಇನಫ್ ಅವರಿಗೆ ರಾಯಲ್ಟಿಯೆಂದು ಬಿಡಿಗಾಸೂ ಸಿಗಲಿಲ್ಲ. 1985ರಲ್ಲಿ ಜಪಾನಿನ ಅಕಿರಾ ಯೋಶಿನೊ ಕೊನೆಯ ಹೆಜ್ಜೆ ಇಟ್ಟರು. ಅಪಾಯಕಾರಿಯಾದ ಲಿಥಿಯಂ ಲೋಹವನ್ನೇ ಕೈಬಿಟ್ಟು, ಎಣ್ಣೆ ಶುದ್ಧೀಕರಣದಲ್ಲಿ ಉಳಿಯುವ ಇಂಗಾಲದ ಕೋಕ್‌ನೊಳಗೆ ಲಿಥಿಯಂ ಅಯಾನುಗಳಿಗೆ ಮನೆ ಮಾಡಿಕೊಟ್ಟರು. ಆಮೇಲೆ ಕಬ್ಬಿಣದ ದೊಡ್ಡ ತುಂಡನ್ನು ಬ್ಯಾಟರಿಯ ಮೇಲೆ ಬೀಳಿಸಿ ನೋಡಿದರು. ಏನೂ ಆಗಲಿಲ್ಲ. ಶುದ್ಧ ಲಿಥಿಯಂ ಇದ್ದ ಬ್ಯಾಟರಿಯ ಮೇಲೆ ಬೀಳಿಸಿದಾಗ ಅದು ಸಿಡಿಯಿತು. ಈ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. 2023ರಲ್ಲಿ ನೂರು ತುಂಬಿಸಿ ತೀರಿಕೊಂಡರು.

ಈ ಬ್ಯಾಟರಿಯಲ್ಲಿ ನಡೆಯುವ ಕೆಲಸವನ್ನು ತೂಗುಕುರ್ಚಿಗೆ ಹೋಲಿಸುವುದುಂಟು. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಕೋಬಾಲ್ಟ್ ಆಕ್ಸೈಡಿನ ಪದರಗಳಿಂದ ಹೊರಟು ಗ್ರಾಫೈಟಿನ ಪದರಗಳಲ್ಲಿ ಹೋಗಿ ಕೂರುತ್ತವೆ. ಬಳಸುವಾಗ ಬಂದ ದಾರಿಯಲ್ಲೇ ಹಿಂತಿರುಗುತ್ತವೆ. ಸಲ್ಫೇಟ್ ಗಟ್ಟಿಯಾಗುವ ಮಾತಿಲ್ಲ, ನಿಕ್ಕೆಲ್ಲಿನ ನೆನಪೂ ಇಲ್ಲ. ಹಾಗಾದರೆ ಇದು ಮುದಿಯಾಗುವುದು ಏಕೆ?

ಮೊದಲ ಕಾರಣ ಗ್ರಾಫೈಟಿನ ಮೇಲಿನ ಒಂದು ಪೊರೆ. ಹೊಸ ಬ್ಯಾಟರಿಯನ್ನು ಕಾರ್ಖಾನೆಯಲ್ಲಿ ಮೊದಲ ಸಲ ತುಂಬುವಾಗಲೇ ಒಳಗಿನ ದ್ರವ ಸ್ವಲ್ಪ ಒಡೆದು, ಗ್ರಾಫೈಟಿನ ಮೇಲೆ ಹಾಲಿನ ಕೆನೆಯಂತೆ ತೆಳುವಾಗಿ ಕಟ್ಟುತ್ತದೆ. ಈ ಕೆನೆ ಇಲ್ಲದೆ ಬ್ಯಾಟರಿ ನಡೆಯದು. ಮುಂದಿನ ಒಡಕನ್ನು ತಡೆಯುವುದು ಅದೇ. ಆದರೆ ಅಯಾನುಗಳು ಬಂದು ಕೂತಾಗ ಗ್ರಾಫೈಟು ಶೇಕಡ ಹತ್ತರಷ್ಟು ಉಬ್ಬುತ್ತದೆ, ಹೋದಾಗ ಕುಗ್ಗುತ್ತದೆ. ಕೆನೆ ಬಿರುಕು ಬಿಟ್ಟು ಮತ್ತೆ ಕಟ್ಟುತ್ತದೆ. ಪ್ರತಿ ಬಾರಿ ಕಟ್ಟುವಾಗಲೂ ಒಂದಿಷ್ಟು ಲಿಥಿಯಂ ಅದರಲ್ಲಿ ಸಿಕ್ಕಿಬಿದ್ದು ಓಡಾಟಕ್ಕೆ ಸಿಗದಂತಾಗುತ್ತದೆ. ಪೂರ್ತಿ ಖಾಲಿ, ಪೂರ್ತಿ ತುಂಬು ಎಂಬ ಪಥ್ಯ ಈ ಉಬ್ಬು ಕುಗ್ಗನ್ನು ಗರಿಷ್ಠಕ್ಕೆ ಒಯ್ಯುತ್ತದೆ. ನನ್ನ ಮೊದಲ ಬ್ಯಾಟರಿಯನ್ನು ತಿಂದುಹಾಕಿದ್ದರಲ್ಲಿ ಇದರ ಪಾಲು ದೊಡ್ಡದು.

ಎರಡನೆಯದು, ನಾವು 'ನೂರು ಶೇಕಡ' ಎನ್ನುವ ಗುರುತು. ಕೊಡ ತುಂಬಿ ತುಳುಕುವಂತೆ ಬ್ಯಾಟರಿಗೆ ಸಹಜವಾದ ಕಂಠಮಟ್ಟವಿಲ್ಲ. ಕೋಬಾಲ್ಟ್ ಆಕ್ಸೈಡಿನಲ್ಲಿರುವ ಲಿಥಿಯಂನಲ್ಲಿ ಅರ್ಧದಷ್ಟನ್ನು ಎಳೆದರೆ ಸರಿ; ಅದಕ್ಕಿಂತ ಬಹಳ ಮುಂದೆ ಹೋದರೆ ಪದರಗಳೇ ಅಸ್ಥಿರವಾಗುತ್ತವೆ. ಎಲ್ಲಿ ನಿಲ್ಲಿಸಬೇಕೆಂಬ ಗೆರೆಯನ್ನು ಎಳೆಯುವವರು ತಯಾರಕರು. ಆರಂಭದ ಕೋಶಗಳಲ್ಲಿ ಆ ಗೆರೆ 4.1 ವೋಲ್ಟಿನಲ್ಲಿತ್ತು. ಮುಂದೆ 4.2 ಆಯಿತು; ಆಮೇಲೆ ಅದನ್ನೂ ದಾಟಿದ ಕೋಶಗಳು ಬಂದವು. ಗೆರೆ ಮೇಲಕ್ಕೆ ಹೋದಂತೆ ಪೆಟ್ಟಿಗೆಯ ಮೇಲೆ ಮುದ್ರಿಸುವ ಗಂಟೆಗಳ ಸಂಖ್ಯೆ ಹೆಚ್ಚುತ್ತದೆ, ಬ್ಯಾಟರಿಯ ಆಯುಸ್ಸು ಕಡಿಮೆಯಾಗುತ್ತದೆ. ಕೊಳ್ಳುವವರು ಮೊದಲನೆಯದನ್ನು ನೋಡಿ ಕೊಳ್ಳುತ್ತಾರೆ, ಎರಡನೆಯದನ್ನು ಎರಡು ವರ್ಷದ ಮೇಲೆ ಅನುಭವಿಸುತ್ತಾರೆ. ಸ್ಥೂಲವಾದ ಲೆಕ್ಕವೊಂದಿದೆ: 4.2 ವೋಲ್ಟಿನವರೆಗೆ ತುಂಬಿದರೆ 300ರಿಂದ 500 ಪೂರ್ಣ ಆವರ್ತನ ಬಾಳುವ ಕೋಶ, 4.1ಕ್ಕೇ ನಿಲ್ಲಿಸಿದರೆ ಅದರ ಇಮ್ಮಡಿ ಬಾಳುತ್ತದೆ. ಹೀಗೆ ನಿಲ್ಲಿಸಿದ್ದರಿಂದ ಆಗುವ ನಷ್ಟ ಒಮ್ಮೆಗೆ ಸಿಗುವ ಶಕ್ತಿಯಲ್ಲಿ ಸುಮಾರು ಹತ್ತನೆಯ ಒಂದು ಪಾಲು.

ಮೂರನೆಯದು ಬಿಸಿ. ಟಾರ್ಚಿನ ಶೆಲ್ಲಿಗೆ ಸಂಜೀವಿನಿಯಾಗಿದ್ದ ಬಿಸಿಲೇ ಇಲ್ಲಿ ಶತ್ರು. ಹತ್ತು ಡಿಗ್ರಿ ಏರಿದರೆ ರಸಾಯನ ಕ್ರಿಯೆಗಳ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ಎಂಬುದು ಹಳೆಯ ಸೂತ್ರ; ಕೆನೆ ಕಟ್ಟುವ ಕ್ರಿಯೆಗೂ ಅದು ಅನ್ವಯ. ಬಳಸದೆ ಸುಮ್ಮನೆ ಇಟ್ಟ ಬ್ಯಾಟರಿಯ ಬಗ್ಗೆ ಬ್ಯಾಟರಿ ತಜ್ಞರ ನಡುವೆ ಹೆಸರಾದ ಒಂದು ಕೋಷ್ಟಕವಿದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಕಡ 40ರಷ್ಟು ತುಂಬಿಸಿ ಇಟ್ಟದ್ದರಲ್ಲಿ ವರ್ಷದ ಮೇಲೆ ಶೇಕಡ 96ರಷ್ಟು ಸಾಮರ್ಥ್ಯ ಉಳಿದರೆ, ಪೂರ್ತಿ ತುಂಬಿಸಿ ಇಟ್ಟದ್ದರಲ್ಲಿ ಉಳಿಯುವುದು 80. ಅದೇ 40 ಡಿಗ್ರಿಯಲ್ಲಾದರೆ 85 ಮತ್ತು 65. ಕಲಬುರಗಿ, ರಾಯಚೂರುಗಳ ಏಪ್ರಿಲ್ ಮಧ್ಯಾಹ್ನ 40 ಡಿಗ್ರಿ ಹೊಸದೇನಲ್ಲ. ಮುಚ್ಚಿದ ಕಾರಿನೊಳಗಿನ ಬಿಸಿ ಇದನ್ನೂ ಮೀರುತ್ತದೆ. ಹೊಟ್ಟೆ ತುಂಬಿದ ಬ್ಯಾಟರಿ ಸೆಕೆಯಲ್ಲಿ ಕೂತಿರುವುದಕ್ಕಿಂತ ಕೆಟ್ಟ ಸ್ಥಿತಿ ಬ್ಯಾಟರಿಗೆ ಇಲ್ಲ. ನಮ್ಮ ಮನೆ, ಕಚೇರಿಗಳ ಮೇಜಿನ ಮೇಲೆ ಹಗಲಿರುಳೂ ಪ್ಲಗ್ಗಿಗೆ ಅಂಟಿಕೊಂಡು ಬಿಸಿಯಾಗುತ್ತ ಕೂತ ಲ್ಯಾಪ್‌ಟಾಪಿನ ಸ್ಥಿತಿ ಇದೇ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಿಸಬೇಕು. ರಾತ್ರಿಯಿಡೀ ಹಾಕಿಟ್ಟರೆ 'ಓವರ್‌ಚಾರ್ಜ್' ಆಗಿಬಿಡುತ್ತದೆ ಎಂದು ಹಲವರು ಹೆದರುತ್ತಾರೆ. ಲ್ಯಾಪ್‌ಟಾಪಿನ ಒಳಗಿರುವ ನಿಯಂತ್ರಕ ಗೆರೆ ಮುಟ್ಟಿದ ಕೂಡಲೇ ಪ್ರವಾಹವನ್ನು ಕಡಿದುಬಿಡುತ್ತದೆ. ಹಾನಿ ಇರುವುದು ದಿನಗಟ್ಟಲೆ ಆ ಗೆರೆಯ ಮೇಲೇ ನಿಂತಿರುವುದರಲ್ಲಿ. ಆದ್ದರಿಂದ ಸದಾ ಪ್ಲಗ್ಗಿನ ಮೇಲೇ ಕೆಲಸ ಮಾಡುವವರು, ಚಾರ್ಜನ್ನು 80ಕ್ಕೆ ನಿಲ್ಲಿಸುವ ಏರ್ಪಾಡು ತಮ್ಮ ಯಂತ್ರದಲ್ಲಿ ಇದೆಯೇ ಎಂದು ಹುಡುಕುವುದು ಲೇಸು. ಥಿಂಕ್‌ಪ್ಯಾಡ್‌ನಂತಹ ಕೆಲವು ಲ್ಯಾಪ್‌ಟಾಪುಗಳಲ್ಲಿ ಇದು ಬಹಳ ಹಿಂದಿನಿಂದಲೇ ಇತ್ತು. ಆ್ಯಪಲ್ ತನ್ನ ಲ್ಯಾಪ್‌ಟಾಪುಗಳಿಗೆ 2020ರಲ್ಲಿ, ಬಳಕೆಯ ರೀತಿ ನೋಡಿ ತುಂಬುವ ಮಟ್ಟವನ್ನು ತಾನೇ ತಗ್ಗಿಸುವ ವ್ಯವಸ್ಥೆಯನ್ನು ಸೇರಿಸಿತು. ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟು, ಒಂದೊಂದು ಮೂಲೆಯಲ್ಲಿ ಇದನ್ನು ಅಡಗಿಸಿಟ್ಟಿರುವುದರಿಂದ ಹುಡುಕಲು ಸ್ವಲ್ಪ ತಾಳ್ಮೆ ಬೇಕು. ಅಂಥ ಏರ್ಪಾಡು ಇಲ್ಲದವರು 80ರ ಆಸುಪಾಸಿನಲ್ಲಿ ತೆಗೆದು, 20, 30ಕ್ಕೆ ಇಳಿದಾಗ ಮತ್ತೆ ಹಾಕಿದರೆ ಆಯಿತು. ಊರಿಗೆ ಹೊರಡುವ ದಿನ, ಕರೆಂಟು ಹೋಗುವ ಸೂಚನೆ ಇರುವ ದಿನ ಧಾರಾಳವಾಗಿ ನೂರಕ್ಕೆ ತುಂಬಿಸಿ. ಒಂದು ದಿನದ ಹಬ್ಬದೂಟದಿಂದ ಯಾರಿಗೂ ಕೇಡಿಲ್ಲ.

ಪೂರ್ತಿ ಖಾಲಿ ಮಾಡುವುದಕ್ಕೆ ಅರ್ಥವೇ ಇಲ್ಲವೆ? ಒಂದಿದೆ, ಅದು ಬ್ಯಾಟರಿಗಾಗಿ ಅಲ್ಲ, ಅಳತೆಗಾಗಿ. ಶೇಕಡ ಇಷ್ಟು ಉಳಿದಿದೆ ಎಂದು ತೋರಿಸುವ ಚಿಪ್ಪು, ಒಳಗೆ ಹೋದದ್ದನ್ನೂ ಹೊರಗೆ ಬಂದದ್ದನ್ನೂ ಕೂಡಿ ಕಳೆದು ಲೆಕ್ಕ ಇಡುತ್ತದೆ. ದಿನಸಿ ಅಂಗಡಿಯ ಖಾತೆಯಂತೆ ಸಣ್ಣ ಸಣ್ಣ ತಪ್ಪುಗಳು ಕೂಡುತ್ತ ಹೋಗುತ್ತವೆ. 30 ಶೇಕಡ ಇದೆ ಎನ್ನುತ್ತಲೇ ಲ್ಯಾಪ್‌ಟಾಪು ಆರಿಹೋದರೆ ಲೆಕ್ಕ ತಪ್ಪಿರುವ ಸಂಭವವಿದೆ. ಆಗ ಒಮ್ಮೆ ತುಂಬಿಸಿ, ಒಮ್ಮೆ ಇಳಿಸಿದರೆ ಚಿಪ್ಪಿಗೆ ಎರಡೂ ತುದಿ ಮತ್ತೆ ಗೊತ್ತಾಗುತ್ತವೆ. ಕೆಲವು ತಿಂಗಳಿಗೊಮ್ಮೆ ಇಷ್ಟು ಸಾಕು. ಖಾಲಿಯಾದ ಲ್ಯಾಪ್‌ಟಾಪನ್ನು ಹಾಗೆಯೇ ಬೀರುವಿನಲ್ಲಿಟ್ಟು ಮರೆಯುವುದು ಮಾತ್ರ ಕೂಡದು. ಕೋಶ ತೀರ ಕೆಳಕ್ಕೆ ಇಳಿದರೆ ಒಳಗಿನ ತಾಮ್ರದ ಹಾಳೆಯೇ ಕರಗತೊಡಗುತ್ತದೆ. ರಕ್ಷಣಾ ಮಂಡಲ ಅಂಥ ಕೋಶವನ್ನು ಮತ್ತೆ ತುಂಬಲು ಬಿಡುವುದಿಲ್ಲ. ಬೇಸಿಗೆ ರಜೆಗೆ ಇಡುವುದಾದರೆ ಅರ್ಧದಷ್ಟು ತುಂಬಿಸಿ, ತಂಪಾದ ಜಾಗದಲ್ಲಿ ಇಡಿ. ವಿಮಾನದಲ್ಲಿ ಬಿಡಿಯಾಗಿ ಸಾಗಿಸುವ ಲಿಥಿಯಂ-ಅಯಾನು ಬ್ಯಾಟರಿಗಳು ಶೇಕಡ 30ಕ್ಕಿಂತ ಹೆಚ್ಚು ತುಂಬಿರಬಾರದೆಂದು 2016ರಿಂದ ನಿಯಮವೇ ಇದೆ.

ಹಾಸಿಗೆ, ದಿಂಬಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಗಾಳಿಕಂಡಿ ಮುಚ್ಚುವುದು ಬಿಸಿಗೆ ನೇರ ಆಹ್ವಾನ. ವಿದೇಶದ ಚಳಿನಾಡುಗಳಲ್ಲಿರುವ ನಮ್ಮವರಿಗೆ ತಿರುಗುಮುರುಗಾದ ಒಂದು ಎಚ್ಚರಿಕೆ ಬೇಕು. ಹಿಮ ಬೀಳುವಾಗ ಕಾರಿನಲ್ಲಿ ಉಳಿದ ಲ್ಯಾಪ್‌ಟಾಪನ್ನು ತಂದ ಕೂಡಲೇ ಚಾರ್ಜಿಗೆ ಹಾಕಬಾರದು. ಶೂನ್ಯ ಡಿಗ್ರಿಗಿಂತ ಕೆಳಗೆ ಅಯಾನುಗಳು ಗ್ರಾಫೈಟಿನೊಳಕ್ಕೆ ಹೋಗಲಾರದೆ ಲೋಹವಾಗಿ ಹೊರಮೈಮೇಲೇ ಕೂರುತ್ತವೆ. ವಿಟಿಂಗ್‌ಹ್ಯಾಮರ ಪ್ರಯೋಗಾಲಯವನ್ನು ಕಾಡಿದ ಹಳೆಯ ಲೋಹ ಹೀಗೆ ಹಿತ್ತಲ ಬಾಗಿಲಿನಿಂದ ಮರಳಿ ಬರುತ್ತದೆ.

ಬೆಂಕಿಯ ಕಥೆ ಅಲ್ಲಿಗೇ ಮುಗಿದಿರಲಿಲ್ಲ. 1995ರಲ್ಲಿ ಪವರ್‌ಬುಕ್ 5300 ಮಾದರಿಗೆ ಲಿಥಿಯಂ-ಅಯಾನು ಬ್ಯಾಟರಿ ಹಾಕಲು ಹೊರಟ ಆ್ಯಪಲ್, ಎರಡು ಯಂತ್ರಗಳು ಹೊತ್ತಿಕೊಂಡ ಮೇಲೆ ನಿಕ್ಕೆಲ್ಲಿಗೇ ಹಿಂತಿರುಗಿತು. 2006ರಲ್ಲಿ ಸೋನಿ ತಯಾರಿಸಿದ ಕೋಶಗಳಲ್ಲಿ ದೋಷ ಕಂಡು ಡೆಲ್ ಒಂದೇ 41 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಈ ಅಂಕಿ ನೋಡಿ ಗಾಬರಿಯಾಗಬೇಕಿಲ್ಲ. ಆದರೆ ಲ್ಯಾಪ್‌ಟಾಪಿನ ತಳ ಉಬ್ಬಿ ಮೇಜಿನ ಮೇಲೆ ಅಲ್ಲಾಡತೊಡಗಿದರೆ, ಅಥವಾ ಬೆರಳಚ್ಚಿನ ಮಣೆ ಮೇಲಕ್ಕೆ ಎದ್ದಂತೆ ಕಂಡರೆ, ಒಳಗೆ ಅನಿಲ ತುಂಬಿದೆ ಎಂದೇ ಅರ್ಥ. ಅದನ್ನು ಒತ್ತಿ ಕೂರಿಸುವುದು, ಚುಚ್ಚಿ ಗಾಳಿ ಬಿಡುವುದು ಪ್ರಾಣದೊಂದಿಗೆ ಆಟ. ಬಳಸುವುದನ್ನು ನಿಲ್ಲಿಸಿ ರಿಪೇರಿಯವರಿಗೆ ಒಪ್ಪಿಸಬೇಕು. ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಲೂಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು.

ಎರಡು ವರ್ಷ ಬಾಳುವ ಬ್ಯಾಟರಿ ನಾಲ್ಕು ವರ್ಷ ಬಾಳಿದರೆ ಉಳಿಯುವುದು ಕೆಲವು ಸಾವಿರ ರೂಪಾಯಿ ಎಂದು ಯಾರಾದರೂ ಲೆಕ್ಕ ಹಾಕಬಹುದು. ಒಂದೇ ಲ್ಯಾಪ್‌ಟಾಪಿನಲ್ಲಿ ಮಕ್ಕಳಿಬ್ಬರ ಓದು ನಡೆಯುವ ಮನೆಗೆ ಆ ಸಾವಿರಗಳು ಸಣ್ಣವಲ್ಲ. ಲೆಕ್ಕದ ಇನ್ನೊಂದು ಬದಿ ಕಣ್ಣಿಗೆ ಕಾಣದ್ದು. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಸುಮಾರು ಮುಕ್ಕಾಲು ಪಾಲು ಆಫ್ರಿಕದ ಕಾಂಗೊ ದೇಶದ್ದು. ಅಲ್ಲಿನ ಗುಂಡಿಗಳಲ್ಲಿ ಕೈಯಿಂದಲೇ ಅದಿರು ಬಗೆಯುವವರಲ್ಲಿ ಮಕ್ಕಳೂ ಇದ್ದಾರೆಂಬುದು ದಾಖಲಾದ ಸತ್ಯ. ಲಿಥಿಯಂ ನಮ್ಮ ಮಂಡ್ಯ ಜಿಲ್ಲೆಯಲ್ಲೂ ಇದೆ, ಸುಮಾರು 1,600 ಟನ್ ಎಂದು 2023ರಲ್ಲಿ ಸುದ್ದಿಯಾಗಿತ್ತು. ಅದು ಅಂದಾಜಿನ ಹಂತದ ಲೆಕ್ಕ, ಪ್ರಮಾಣವೂ ದೊಡ್ಡದಲ್ಲ. ಕೈಯಲ್ಲಿರುವ ಬ್ಯಾಟರಿಯೊಳಗಿನ ಲಿಥಿಯಂ ಅದಕ್ಕಿಂತ ಖಚಿತ.

ಆರೈಕೆಯ ಜವಾಬ್ದಾರಿ ಮಾತ್ರ ಬಳಸುವವರಿಂದ ಮೆಲ್ಲಗೆ ಕೈಜಾರುತ್ತ ಬಂದಿದೆ. ಹಿಂದೆಲ್ಲ ಲ್ಯಾಪ್‌ಟಾಪಿನ ಬೆನ್ನಿನ ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. 2009ರಲ್ಲಿ ಆ್ಯಪಲ್ ತನ್ನ ದೊಡ್ಡ ಲ್ಯಾಪ್‌ಟಾಪಿನಲ್ಲಿ ಬ್ಯಾಟರಿಯನ್ನು ಒಳಗೇ ಮುಚ್ಚಿ, ಸಾವಿರ ಆವರ್ತನ ಬಾಳುತ್ತದೆಂದು ಭರವಸೆ ಕೊಟ್ಟಿತು. ಉಳಿದವರೂ ಆ ದಾರಿ ಹಿಡಿದರು. ಅಂಟು ಹಾಕಿ ಕೂರಿಸಿದ ಬ್ಯಾಟರಿ ಸತ್ತರೆ, ಗಟ್ಟಿಮುಟ್ಟಾದ ಲ್ಯಾಪ್‌ಟಾಪೂ ಅದರ ಜೊತೆ ಮೂಲೆ ಸೇರುವುದೇ ಹೆಚ್ಚು. ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ಕಾನೂನು, ಇಂತಹ ಉಪಕರಣಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು ಎನ್ನುತ್ತದೆ. ಜಾರಿಗೆ ಗೊತ್ತುಮಾಡಿದ ದಿನ 2027ರ ಫೆಬ್ರುವರಿ 18. ಚಿಲಕದ ಬ್ಯಾಟರಿಗಳನ್ನು ಕಂಡವರಿಗೆ ಇದು ಹೊಸ ಹಕ್ಕಿನಂತೆ ಕಾಣದು, ಕಳೆದ ವಸ್ತು ಮರಳಿ ಸಿಕ್ಕಂತೆ ಕಂಡೀತು.

ಈ ನಡುವೆ ನಾಲ್ಕನೆಯ ವಂಶವೊಂದು ಹೊಸಿಲ ಮೇಲೆ ನಿಂತಿದೆ. ಉಪ್ಪಿನಲ್ಲಿರುವ ಸೋಡಿಯಂನಿಂದಲೇ ಮಾಡುವ ಸೋಡಿಯಂ-ಅಯಾನು ಬ್ಯಾಟರಿ ಚೀನಾದಲ್ಲಿ ತಯಾರಾಗಿ ವಾಹನಗಳಿಗೂ ವಿದ್ಯುತ್ ಸಂಗ್ರಹ ಕೇಂದ್ರಗಳಿಗೂ ಹೊಕ್ಕಿದೆ. ತೂಕ ಹೆಚ್ಚು, ಬೆಲೆ ಇಳಿಯುವ ನಿರೀಕ್ಷೆ ಇದೆ. ಸೋಡಿಯಂ ಅಲ್ಯೂಮಿನಿಯಂನ ತಂಟೆಗೆ ಹೋಗುವುದಿಲ್ಲವಾದ್ದರಿಂದ ಇದರಲ್ಲಿ ಎರಡೂ ಬದಿಗೆ ಅಲ್ಯೂಮಿನಿಯಂ ಹಾಳೆಯನ್ನೇ ಬಳಸಬಹುದು, ಕರಗಿಹೋಗುವ ತಾಮ್ರದ ಮಾತೇ ಇಲ್ಲ. ಹೀಗಾಗಿ ಈ ಬ್ಯಾಟರಿಯನ್ನು ಶೂನ್ಯ ವೋಲ್ಟಿಗೆ ಇಳಿಸಿ, ಒಂದು ಹನಿಯೂ ಉಳಿಯದಂತೆ ಖಾಲಿ ಮಾಡಿ, ಹಾಗೆಯೇ ಸಾಗಿಸಬಹುದು, ಹಾಗೆಯೇ ಇಡಬಹುದು.